ಮೊದಲ ಮಳೆಯ ನೀರು

ನಂಜನಗೂಡು, ಪ್ಲವಂಗ ಸಂವತ್ಸರದ ಚೈತ್ರ, ಸಂಜೆ ಆರು ಗಂಟೆ

ಬನ್ನೂರಿನ ರಾಚಮ್ಮನವರಿಗೆ ಪಾಠಶಾಲೆಯ ಮೇಷ್ಟ್ರು ಗುರುಮಲ್ಲಯ್ಯನ ನಮಸ್ಕಾರ.

ಇಂದು ಮಧ್ಯಾಹ್ನ ವರ್ಷದ ಮೊದಲ ಮಳೆ ಬಂತು. ಶಾಲೆಯ ಹೆಂಚಿನ ಮಾಡಿನಿಂದ ಇಳಿದ ನೀರನ್ನೆಲ್ಲ ನಾನೇ ಬಾವಿಗೆ ತಿರುಗಿಸಿದೆ. ಈಗ ಬಾವಿಯ ನೀರು ಬಾವಲಿ ಹಿಕ್ಕೆಯಿಂದ ನಾರುತ್ತಿದೆ.

ಹೋದ ವರ್ಷ ನಿಮ್ಮ ಯಜಮಾನರು ಚೆಲುವಯ್ಯ ಮೊದಲ ಮಳೆಯನ್ನು ಚರಂಡಿಗೆ ಬಿಟ್ಟಾಗ, ನೀರು ಪೋಲು ಮಾಡುತ್ತಾರೆಂದು ಹುಡುಗರ ಎದುರೇ ಬೈದು, ಅವರನ್ನು ಶಾಲೆಯ ಮಾಲಿ ಕೆಲಸದಿಂದ ಬಿಡಿಸಿದೆ.

"ಮೊದ್ಲು ಎಂಚಿನ ಕೊಳೆ ಓಗ್ಲಿ ಸಾ, ಆಮೇಲೆ ಬಾವಿಗೆ ಬುಡ್ತೀನಿ" ಎಂದಿದ್ದರು. ನಾನು ಕೇಳಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಮುಖ ತೋರಿಸಲಾರದೆ ಇಲ್ಲೇ ಉಳಿದೆ.

ಬಾವಿಗೆ ತಿರುಗಿಸುವ ಮುಂಚೆ ಅವರು ಎಷ್ಟು ಮಳೆಯ ನೀರು ಹೊರಗೆ ಬಿಡುತ್ತಿದ್ದರೆಂದು ನಿಮಗೆ ತಿಳಿದಿದ್ದರೆ, ಈ ಕಾಗದ ಓದಿ ಹೇಳಿದವರ ಕೈಯಲ್ಲೇ ಬರೆಸಿ ಕಳಿಸಿ.

ನಾಳೆ ಬಾವಿ ಬರಿದು ಮಾಡಿಸಬೇಕು. ಅಲ್ಲಿಯವರೆಗೆ ಹುಡುಗರಿಗೆ ಕುಡಿಯುವ ನೀರನ್ನು ಕಪಿಲಾ ಹೊಳೆಯಿಂದ ನಾನೇ ಹೊರುತ್ತೇನೆ.

ಇತಿ,
ಗುರುಮಲ್ಲಯ್ಯ