ದೊರೆಯ ಮನೆಯ ಮೂರನೇ ಮೆಟ್ಟಿಲು

ಸ್ಟಾಫ್ ರೂಮು,
ಸೋಮವಾರ ಮಧ್ಯಾಹ್ನ, ಮಾರ್ಚ್ ೧೬

ನನ್ನ ಅಕ್ಕಾ,

ಹೇಗಿದ್ದೀಯ? ಹೊಸ ಆಸ್ಪತ್ರೆಯಲ್ಲಿ ದಿನವಿಡೀ ನಿಂತೇ ಕೆಲಸವೆಂದು ಬರೆದಿದ್ದೆ, ಕಾಲುನೋವು ಇಳಿಯಿತೇ? ನರ್ಸಮ್ಮನಿಗೆ ನಾನು ಮದ್ದು ಹೇಳಬೇಕಿಲ್ಲ, ಆದರೂ ಬಿಸಿನೀರಿನಲ್ಲಿ ಕಾಲಿಟ್ಟುಕೋ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ.

ವಾರದಿಂದ ಪರೀಕ್ಷೆಯ ಪೇಪರು ತಿದ್ದುತ್ತಿದ್ದೇನೆ. ನಾವೂ ಓದಿದ್ದೆವಲ್ಲ, ಮಲಗಿದ್ದ ಅರಸನನ್ನು ಕೊಂದು ಪಟ್ಟವೇರುವವನ ಹಳೆಯ ಇಂಗ್ಲಿಷ್ ದುರಂತ ನಾಟಕ. ಆ ದೊರೆಯ ಗುಣವನ್ನು ವಿಮರ್ಶಿಸಿ ಎಂಬ ಪ್ರಶ್ನೆ. ಶೌರ್ಯಕ್ಕೆ ಎರಡು ಅಂಕ, ಆಸೆಗೆ ಎರಡು, ಕ್ರೌರ್ಯಕ್ಕೆ ಎರಡು, ಪಶ್ಚಾತ್ತಾಪಕ್ಕೆ ಎರಡು. ಒಳ್ಳೆಯವನೇ, ಆಸೆ ಕೆಡಿಸಿತು ಎಂದು ಬರೆದರೆ ಸಾಕು, ಕಣ್ಣುಮುಚ್ಚಿ ಕೊಟ್ಟುಬಿಡುತ್ತೇವೆ. ಹೆಸರಿನ ಮೂಲೆ ಮಡಚಿ ಅಂಟಿಸಿರುವುದರಿಂದ ಯಾರ ಪೇಪರೆಂದು ನಮಗೆ ತಿಳಿಯುವುದಿಲ್ಲ. ಶುಕ್ರವಾರ ಒಂದರಲ್ಲಿ ಬೇರೆಯೇ ಇತ್ತು. ‘ದೊರೆಯನ್ನು ಅವನ ಕೊಲೆಗಳಿಂದ ಅಳೆಯಬಾರದು. ಅವನು ಬರುವ ಮುಂಚೆ ಮನೆಯವರು ಏನು ಮಾಡುತ್ತಾರೆ ನೋಡಬೇಕು. ಅವನು ಜೋರಾಗಿ ಮಾತಾಡಿದರೆ ಭಯವಿಲ್ಲ, ಮೆಲ್ಲಗೆ ಮಾತಾಡಿದರೆ ಬಾಗಿಲು ಹಾಕಿಕೊಳ್ಳಬೇಕು. ಅರಮನೆಯ ಮೂರನೇ ಮೆಟ್ಟಿಲು ಕಿರುಗುಟ್ಟುತ್ತದೆ, ಎಲ್ಲರೂ ಅದನ್ನು ದಾಟಿಯೇ ಇಳಿಯುತ್ತಾರೆ.’ ನನಗೆ ಉರಿದುಹೋಯಿತು. ‘ಪಠ್ಯದಲ್ಲಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಸೊನ್ನೆ ಸುತ್ತಿದೆ.

ಮುಂದಿನ ಪೇಪರಿಗೆ ಕೈಹಾಕಿದವಳು ಅದನ್ನು ಬಿಟ್ಟು ಹಿಂದಿನದನ್ನೇ ಮತ್ತೆ ಎಳೆದುಕೊಂಡೆ. ಆ ಮೆಟ್ಟಿಲು ನಿನ್ನ ಮನೆಯದು ಅಕ್ಕಾ. ಈಗ ನಮ್ಮಲ್ಲೇ ಓದುವ ನಿನ್ನ ಮಗಳು ಚಿಕ್ಕವಳಿದ್ದಾಗ, “ಚಿಕ್ಕಮ್ಮಾ, ಅದನ್ನ ತುಳೀಬೇಡ” ಎಂದು ನನ್ನ ಕೈ ಹಿಡಿದು ಇಳಿಸುತ್ತಿದ್ದಳು. ಮಗುವಿನ ಆಟವೆಂದು ನಾನೂ ಕುಪ್ಪಳಿಸಿ ನಗುತ್ತಿದ್ದೆ.

ಭಾವನಂಥ ಸಾಧು ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲ್ಲರಿಗಿಂತ ಹೆಚ್ಚು ಹೇಳಿಕೊಂಡು ತಿರುಗಿದವಳು ನಾನು. “ಹೋಗು, ಮಗಳನ್ನ ಅವರು ಹೂವಿನ ಹಾಗೆ ನೋಡ್ಕೋತಾರೆ” ಎಂದು ನಿನ್ನನ್ನು ಬಸ್ಸು ಹತ್ತಿಸಿದವಳೂ ನಾನೇ. ನಿನಗೆ ಗೊತ್ತಿತ್ತೇ? ಕೇಳಲೂ ನಾಚಿಕೆಯಾಗುತ್ತದೆ; ಅವತ್ತು ನೀನು ಏನೋ ಹೇಳಲು ಬಾಯಿ ತೆರೆದಾಗ ನಾನು ಟಿಕೆಟ್ಟಿನ ವಿಷಯ ಎತ್ತಿದ್ದೆ. ಸೊನ್ನೆಯನ್ನು ಹೊಡೆದು ಎಂಟಕ್ಕೆ ಎಂಟು ಕೊಟ್ಟಿದ್ದೇನೆ. ಕೆಂಪು ಶಾಯಿ ಅಳಿಸಲು ಬರುವುದಿಲ್ಲ, ಅವಳು ಅದನ್ನು ನೋಡುತ್ತಾಳೆ.

ಬೆಲ್ ಆಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪೆದ್ದು ತಂಗಿ

ವಿ.ಸೂ.: ಮಗಳು ಶನಿವಾರದಿಂದ ನನ್ನ ಮನೆಯಲ್ಲಿದ್ದಾಳೆ, ಒಳಗಿನಿಂದ ಚಿಲಕ ಹಾಕಿಕೊಂಡು. ನಿನ್ನ ಫೋನಿಗೆ ಬಂದದ್ದನ್ನೆಲ್ಲ ಅಪ್ಪ ತಮ್ಮ ಫೋನಿನಲ್ಲೇ ನೋಡುತ್ತಾರೆ ಎಂದಳು, ಅದಕ್ಕೇ ಕಾಗದ. ಭಾವ ನಿನ್ನೆಯಿಂದ ನನಗೆ ಎರಡು ಸಲ ಫೋನ್ ಮಾಡಿದರು. ತುಂಬ ಮೆಲ್ಲಗೆ ಮಾತಾಡಿದರು. ಇದು ಕೈಸೇರಿದ ಕೂಡಲೇ ಹೊರಡು. ನಿನ್ನ ಮನೆಗಲ್ಲ, ನೇರ ನನ್ನ ಮನೆಗೆ.