ಪ್ರೇಮದ ಸಂಜೆಯಿಂದ ಹೊರಬಿದ್ದ ಚಿತ್ರ

ನಮ್ಮ ಕನ್ನಡ ಬಳಗದ ಚಿತ್ರ ಸಮಿತಿಯ ಸಂಚಾಲಕರಿಗೆ,

ಮಾನ್ಯರೇ, ಪ್ರೇಮಚಿತ್ರಗಳ ಸಂಜೆಗೆಂದು ನಾನು ಸೂಚಿಸಿದ್ದ ಚಿತ್ರವನ್ನು ನೀವು ಸದ್ದಿಲ್ಲದೆ ‘ಸಾಮಾಜಿಕ ಸಮಸ್ಯೆಗಳು’ ಎಂಬ ಶುಕ್ರವಾರದ ಮಧ್ಯಾಹ್ನಕ್ಕೆ ತಳ್ಳಿದ್ದೀರಿ. ನಂತರ ಚರ್ಚೆಯೂ ಇದೆಯಂತೆ. ಏನು ಸಮಸ್ಯೆ, ಏನು ಚರ್ಚೆ? ಅದರಲ್ಲಿ ಒಬ್ಬ ಬಸ್ ಚಾಲಕನೂ ಬಟ್ಟೆ ಹೊಲಿಯುವ ಒಬ್ಬ ಹುಡುಗಿಯೂ ಪ್ರೀತಿಸುತ್ತಾರೆ, ಮುನಿಸಿಕೊಳ್ಳುತ್ತಾರೆ, ಮದುವೆಯಾಗುತ್ತಾರೆ. ಗುಂಡು ಹಾರುವುದಿಲ್ಲ, ಯಾರೂ ಜೈಲಿಗೆ ಹೋಗುವುದಿಲ್ಲ. ಇಬ್ಬರೂ ಕಪ್ಪುವರ್ಣದವರು ಎಂಬುದೊಂದೇ ನಿಮ್ಮ ಕಣ್ಣಿಗೆ ಬಿದ್ದಿರಬೇಕು ಎಂದು ನನ್ನ ಅನುಮಾನ.

ಫೋನ್ ಮಾಡಿ ಕೇಳಿದರೆ, “ಹಾಗೇನಿಲ್ಲ ಮೇಡಂ, ಫ್ಯಾಮಿಲಿ ಆಡಿಯನ್ಸ್ ಅಲ್ವಾ, ಅವ್ರಿಗೆ ಕನೆಕ್ಟ್ ಆಗಲ್ಲ” ಎಂದಿರಿ. ಹೋದ ವರ್ಷ ಕೊರಿಯಾದ ಪ್ರೇಮಕಥೆಗೆ ಇದೇ ಆಡಿಯನ್ಸ್ ಮೂಗು ಒರೆಸಿಕೊಂಡು ಅತ್ತದ್ದು, ಅವರಲ್ಲಿ ನೀವೂ ಒಬ್ಬರಾಗಿದ್ದದ್ದು ಮರೆತಿರಾ? ಅಳುವುದಕ್ಕೂ ಮೈಬಣ್ಣ ನೋಡಬೇಕೇ? ಇಬ್ಬರು ಹಿರಿಯರು ಮೊದಲೇ ನೋಡಿ ಒಪ್ಪಿಗೆ ಕೊಡುವುದು ನಮ್ಮ ಬಳಗದ ಪದ್ಧತಿ. ಅವರಲ್ಲೊಬ್ಬರಾದ ತಿಮ್ಮರಾಯಪ್ಪನವರನ್ನು ವಿಚಾರಿಸಿದೆ. “ಪೋಸ್ಟರ್ ನೋಡುದ್ವಿ ಕಣಮ್ಮಾ, ಗುಲಾಮ್ರ ಕಥೆ ಅನ್ಕೊಂಡ್ವಿ” ಎಂದರು. ಸ್ವಾಮಿ, ಆ ಪೋಸ್ಟರಿನಲ್ಲಿ ಇಬ್ಬರೂ ಐಸ್‌ಕ್ರೀಮ್ ತಿನ್ನುತ್ತಾ ನಗುತ್ತಿದ್ದಾರೆ!

ನಾನೂ ಸಾಚಾ ಅಲ್ಲ. ಮಗಳು ಸಿಂಚನಾ, ತನ್ನ ಕ್ಲಿನಿಕ್ಕಿನಲ್ಲೇ ಕೆಲಸ ಮಾಡುವ ಕೀನ್ಯಾದ ಡೆನಿಸ್‌ನನ್ನು ಮದುವೆಯಾಗುತ್ತೇನೆ ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, “ಅವ್ನ ಮೇಲೆ ಪೊಲೀಸ್ ಕೇಸ್ ಏನಾದ್ರೂ ಇದ್ಯೇನೇ?”

“ಅಮ್ಮಾ, ಹೀ ಈಸ್ ಎ ಫಿಸಿಯೋಥೆರಪಿಸ್ಟ್!” ಎಂದು ಅವಳು ಅತ್ತೇಬಿಟ್ಟಳು.

ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಮೂವತ್ತು ವರ್ಷ ನೋಡಿದ ಚಿತ್ರಗಳಲ್ಲಿ ಕಪ್ಪು ಮನುಷ್ಯ ತಪ್ಪಿಸಿಕೊಂಡು ಓಡಿದ್ದನ್ನು, ಏಟು ತಿಂದದ್ದನ್ನು, ನಾಯಕನಿಗಾಗಿ ಸತ್ತದ್ದನ್ನು ಕಂಡಿದ್ದೆ. ಹೆಂಡತಿಗೆ ಚಹಾ ಆರಿಸಿ ಕೊಟ್ಟದ್ದನ್ನು ಮಗಳು ತೋರಿಸಿದ ಈ ಚಿತ್ರದಲ್ಲೇ ಮೊದಲು ಕಂಡೆ. ಅದಕ್ಕೇ ಡೆನಿಸ್‌ನನ್ನು ಬಳಗದವರಿಗೆ ಪರಿಚಯಿಸಲು ಆ ಸಂಜೆಯನ್ನೇ ಆರಿಸಿಕೊಂಡೆ. ಈ ಸುದ್ದಿ ನಿಮ್ಮ ಕಿವಿಗೆ ಬಿದ್ದ ಮರುದಿನವೇ ಪಟ್ಟಿ ಬದಲಾಯಿತು. ಕಾಕತಾಳೀಯವೇ? ನಂಬಬೇಕೆಂದಿದ್ದೇನೆ, ಆಗುತ್ತಿಲ್ಲ.

ಮೊನ್ನೆ ಇಲ್ಲಿನ ರಿಗ್ಗೈ ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಡೆನಿಸ್ ನಿಮ್ಮ ಹೊಸ ಪಟ್ಟಿಯನ್ನು ಸಿಂಚನಾಳಿಂದ ಓದಿಸಿ, ಅರ್ಥ ಕೇಳಿ ತಿಳಿದುಕೊಂಡ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದ: “ಆಂಟಿ, ನಾವಿಬ್ಬರೂ ಯಾವ ದಿನ ಬರಬೇಕು? ಪ್ರೇಮದ ದಿನವೋ, ಸಮಸ್ಯೆಯ ದಿನವೋ?” ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಚಿತ್ರವನ್ನು ಪ್ರೇಮದ ಸಂಜೆಗೇ ಮರಳಿಸಿ. ಚರ್ಚೆಯಿಲ್ಲದೆ, ಕತ್ತರಿಯಿಲ್ಲದೆ ತೋರಿಸಿ. ಆಗುವುದಿಲ್ಲ ಎಂದಾದರೆ ಹುಡುಗನ ನಂಬರ್ ಕಳಿಸುತ್ತೇನೆ. ಯಾವ ದಿನ ಬರಬೇಕೆಂದು ನೀವೇ ಅವನಿಗೆ ಹೇಳಿ.

ಇಂತಿ,
ಭಾವೀ ಅಳಿಯನ ಮುಖ ನೋಡಲು ಅಂಜುತ್ತಿರುವ,
ವೇದಾವತಿ