ಬೇಡ ಎನ್ನುವ ಹುಡುಗ

ಥಾರ್ಸ್‌ಬಿ ಸ್ಯಾಂಡ್ಸ್, ಲಿಂಕನ್‌ಶೈರ್
ಸೋಮವಾರ, ೧೧ ಅಕ್ಟೋಬರ್ ೧೯೫೪

ಪ್ರೀತಿಯ ವಿಲ್ಫ್,

ಕೆಮ್ಮು ಹೇಗಿದೆ? ಎದೆಗೆ ಹಚ್ಚಿಕೊಳ್ಳಲು ಕಳಿಸಿದ್ದ ಹೆಬ್ಬಾತಿನ ಕೊಬ್ಬು ಹಚ್ಚಿಕೊಂಡೆಯೋ, ಇಲ್ಲ ಜೊತೆಯವರು ಮೂಗು ಮುಚ್ಚಿಕೊಂಡರು ಅಂತ ಸಮುದ್ರಕ್ಕೆ ಎಸೆದೆಯೋ? ಹೋದ ಪತ್ರದಲ್ಲಿ ನೀನು, ಇನ್ನೊಂದು ತಿಂಗಳು ಈ ನಡುಗಡಲ ದೀಪಸ್ತಂಭದಲ್ಲೇ ಇರಬೇಕಾಗಿ ಬಂದರೆ ಅಷ್ಟೇನೂ ಬೇಸರ ಆಗಲಿಕ್ಕಿಲ್ಲ ಅಂತ ಬರೆದಿದ್ದೀಯ. ಇಷ್ಟು ವರ್ಷ ನಿನ್ನ ಜೊತೆ ಬಾಳಿದವಳಿಗೆ ಅದರ ಅರ್ಥ ತಿಳಿಯದೆ? ಇರುತ್ತೇನೆ ಅಂತ ಆಗಲೇ ಒಪ್ಪಿಕೊಂಡುಬಿಟ್ಟಿದ್ದೀಯ, ನನಗೆ ಪೂರ್ತಿ ಗುಮಾನಿ. ಇರಲಿ, ಅದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ನನ್ನ ಮಂಡಿನೋವು ಹಾಗೇ ಇದೆ, ಮಿಕ್ಕಂತೆ ಚೆನ್ನಾಗಿದ್ದೇನೆ. ನಿದ್ದೆ ಮಾತ್ರ ಬರುತ್ತಿಲ್ಲ. ಅದಕ್ಕೆ ಕಾರಣ ಆ ಹುಡುಗ. ನಮ್ಮ ಮಗಳು ಏವಿಸ್‌ಳನ್ನು ಮದುವೆಯಾಗಿ ಕೆನಡಾಕ್ಕೆ ಕರೆದುಕೊಂಡು ಹೋಗುತ್ತಾನಂತೆ.

ನೀನು ಅವನನ್ನು ಇನ್ನೂ ನೋಡಿಲ್ಲ. ಹೆಸರು ವೀಬೆ. ಹೋದ ವರ್ಷದ ಮಹಾಪೂರದಲ್ಲಿ ಒಡೆದ ಕಡಲಗೋಡೆ ಕಟ್ಟಲು ಬಂದ ಡಚ್ಚರಲ್ಲಿ ಒಬ್ಬ. ಕಿವಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಮೊದಲ ಸಲ ಚಹಾಕ್ಕೆ ಬಂದಾಗ ನನ್ನ ಸೋಂಪಿನ ಕೇಕು ಕೊಟ್ಟೆ. ಇನ್ನೊಂದು ಚೂರು ತಗೋತೀರಾ ಅಂದರೆ, 'ಬೇಡ. ನಂಗಿದು ಇಷ್ಟ ಆಗ್ಲಿಲ್ಲ' ಅಂದುಬಿಟ್ಟ! ಕಡ್ಡಿ ಮುರಿದ ಹಾಗೆ, ಅದೂ ನಗುನಗುತ್ತಾ. ನಮ್ಮ ಮನೆಯ ಮೇಜಿನ ಮುಂದೆ ಕೂತು ಇಂಥ ಮಾತು ಇದುವರೆಗೆ ಯಾರಾದರೂ ಆಡಿದ್ದಾರಾ, ಹೇಳು. ಪಕ್ಕದ ಮನೆಯ ಮಿಸೆಸ್ ಗೆಡ್ನಿಯನ್ನೇ ನೋಡು. 'ಮನೆಯವರಿಗೆ ಕಮ್ಮಿ ಆಗೋ ಹಾಗಿದ್ರೆ ನಂಗೆ ಖಂಡಿತಾ ಬೇಡಮ್ಮ' ಅನ್ನುತ್ತಲೇ ಮೂರು ಚೂರು ಇಳಿಸಿದಳು. ಅದು ಮರ್ಯಾದೆ. ಅವಳ ಹೊಟ್ಟೆಯಲ್ಲಿ ಏನಿದೆ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ಇವನದು ಹಾಗಲ್ಲ. ಎಲ್ಲವನ್ನೂ ಬೀದಿಬಾಗಿಲಲ್ಲೇ ಹರವಿಟ್ಟವನು ಹಿತ್ತಿಲಲ್ಲಿ ಏನೋ ಬಚ್ಚಿಟ್ಟಿರಲೇಬೇಕು ಅಂತ ನನಗೆ ಅವತ್ತೇ ಅನಿಸಿತು.

ಗೆಡ್ನಿಗೂ ಹಾಗೇ ಅನಿಸಿತಂತೆ. 'ಇನ್ನೊಬ್ರನ್ನ ಆಡ್ಕೊಳ್ಳೋದು ನಂಗೆ ಸೇರಲ್ಲ ಹೆಟ್ಟಿ. ಆದ್ರೂ ನಿನ್ನ ಜಾಗದಲ್ಲಿ ನಾನಿದ್ದಿದ್ರೆ, ಅವನ ಊರಲ್ಲಿ ಹೆಂಡ್ತಿ ಗಿಂಡ್ತಿ ಇದ್ದಾಳಾ ಅಂತ ಒಂಚೂರು ನೋಡ್ತಿದ್ನೇನೋ' ಅಂದಳು. ಅವಳು ಹೇಳಿದಳು ಅಂತ ಅಲ್ಲ, ನನಗೂ ಅದೇ ಯೋಚನೆ ಇತ್ತು. ಮುಂದಿನ ಸಲ ಅವನು ಬಂದಾಗ, ಊರಲ್ಲಿ ಕಾಯುವವರು ಯಾರಾದರೂ ಇದ್ದಿದ್ದರೆ ಪಾಪ ಅವರಿಗೆ ಬೇಜಾರಾಗುತ್ತಿತ್ತೇನೋ ಅಂತ ಆಲೂಗಡ್ಡೆ ಬಡಿಸುತ್ತಾ ನಯವಾಗಿ ತೆಗೆದೆ. ಅವನು ಫೋರ್ಕು ಕೆಳಗಿಟ್ಟು, 'ನಂಗೆ ಹೆಂಡ್ತಿ ಇದ್ದಾಳಾ ಅಂತ ಕೇಳ್ತಿದೀರಾ? ಇಲ್ಲ' ಅಂದ. ಏವಿಸ್ ಕೆಂಪಾದಳು. ಕೋಟು ತೂಗುಹಾಕುವ ನೆಪದಲ್ಲಿ ಜೇಬನ್ನೂ ಮುಟ್ಟಿ ನೋಡಿದೆ, ಬೈಯಬೇಡ. ಒಂದು ಮೋಟು ಪೆನ್ಸಿಲು, ಅಂಟಂಟು ಕರಿ ಮಿಠಾಯಿ, ಅಷ್ಟೇ. ಇಷ್ಟು ಸಪ್ಪೆ ಜೇಬು ಯಾವ ಗಂಡಸಿಗಾದರೂ ಇರುತ್ತದೆಯೇ? ನನ್ನ ಗುಮಾನಿ ಇನ್ನೂ ಗಟ್ಟಿಯಾಯಿತು.

ಹೋದ ಭಾನುವಾರದ ಹಿಂದಿನ ಭಾನುವಾರ ಊಟದ ನಡುವೆ ಇದ್ದಕ್ಕಿದ್ದಂತೆ ಶುರುಮಾಡಿದ. 'ಕೆನಡಾದಲ್ಲಿ ನಮ್ಮಣ್ಣ ಹಸು ಸಾಕ್ಕೊಂಡಿದಾನೆ. ಮಾರ್ಚ್‌ಗೆ ನಾನೂ ಹೋಗ್ತೀನಿ. ಏವಿಸ್‌ನ ಮದ್ವೆಯಾಗಿ ಕರ್ಕೊಂಡು ಹೋಗ್ಬೇಕು ಅಂತಿದೀನಿ. ನಿಮಗೆ ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ.' ನಾನು ಚಾಕು ಕೆಳಗಿಟ್ಟೆ. ಆದರೂ ಸಾವರಿಸಿಕೊಂಡು, ನಮ್ಮಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಅದನ್ನೇ ಹೇಳಿದೆ: 'ಮಕ್ಕಳ ದಾರಿಗೆ ಅಡ್ಡ ನಿಲ್ಲೋದು ಅಂದ್ರೆ ನಂಗೆ ಸುತರಾಂ ಆಗ್ಬರಲ್ಲಪ್ಪ.' ನೀನೇ ಹೇಳು ವಿಲ್ಫ್, ನಮ್ಮೂರಿನ ಯಾವ ಗಂಡಸಾದರೂ ಈ ಮಾತು ಕೇಳಿದ್ದರೆ, ಈಕೆ ಹೊಸ್ತಿಲಿಗೆ ಅಡ್ಡ ಮಲಗಿದ್ದಾಳೆ ಅಂತ ತಕ್ಷಣ ತಿಳಿಯುತ್ತಿರಲಿಲ್ಲವೇ? ಛೇ ಛೇ, ಅವಸರವೇನೂ ಇಲ್ಲ ಅಂದು, ವರ್ಷವಾದರೂ ಕೆನಡಾದ ಸುದ್ದಿ ಎತ್ತುತ್ತಿರಲಿಲ್ಲ. ಇವನು ಎದ್ದು ಮೇಜು ಸುತ್ತಿಕೊಂಡು ಬಂದ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, 'ತುಂಬಾ ಥ್ಯಾಂಕ್ಸ್. ಬೇಡ ಅಂದ್ಬಿಡ್ತೀರೇನೋ ಅಂತ ಹೆದರಿದ್ದೆ' ಅಂದ. ಮಾರನೇ ದಿನವೇ ಹಡಗಿನ ಕಂಪನಿಗೆ ಬರೆದನಂತೆ.

ಅವನಿಗೆ ನಿಜವಾಗಿ ತಿಳಿಯಲಿಲ್ಲವೋ, ತಿಳಿದೂ ತಿಳಿಯದವನ ಹಾಗೆ ನಟಿಸಿದನೋ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಆದರೆ ಅದಕ್ಕಿಂತ ಹೆಚ್ಚಾಗಿ ನಾನು ಗುಮಾನಿ ಪಟ್ಟಿದ್ದು ಯಾರ ಮೇಲೆ ಗೊತ್ತೇ, ನಮ್ಮ ಮಗಳ ಮೇಲೆ. ಆ ಭಾನುವಾರ ಅವನು ಹೋದ ಮೇಲೆ ಪಾತ್ರೆ ಒರೆಸುತ್ತಾ, 'ನಿನ್ನೊಬ್ಳನ್ನೇ ಬಿಟ್ಟು ಹೋಗೋದು ಅಂದ್ರೆ ನಂಗೆ ಹೇಗೋ ಆಗತ್ತಮ್ಮ' ಅಂದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ಅದರ ಅರ್ಥ ಏನು? ಹೋಗುತ್ತೇನೆ, ಕ್ಷಮಿಸು ಅಂತಲೋ? ಹೋಗಬೇಡ ಅಂತ ನೀನೇ ಹೇಳು ಅಂತಲೋ? ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನನ್ನಿಂದಲೇ ಕಲಿತವಳು, ಅವಳ ಮಾತೇ ನನಗೆ ಬಿಡಿಸಲು ಬರಲಿಲ್ಲ. ನನ್ನ ದೆಸೆಯಿಂದ ನಿನ್ನ ಬದುಕು ನಿಂತಿತು ಅಂತಾದರೆ ನನಗೂ ಹೇಗೋ ಆಗುತ್ತದೆ ಅಂದೆ. ಅವಳು ತಟ್ಟೆಯನ್ನು ಎತ್ತಿಟ್ಟು ಮಹಡಿಗೆ ಹೋದಳು. ಅವತ್ತಿನಿಂದ ನಮ್ಮಿಬ್ಬರ ನಡುವೆ ಹವಾಮಾನದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಶುಕ್ರವಾರ ವೀಬೆ ಒಬ್ಬನೇ ಬಂದ. ಬೂಟಿನ ತುಂಬಾ ಕೆಸರು, ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, 'ಏವಿಸ್ ಅಳ್ತಾಳೆ. ತಾನು ಹೋದ್ರೂ ಅಮ್ಮಂಗೆ ಏನೂ ಅನ್ಸಲ್ಲ ಅಂತಾಳೆ. ನಿಜವಾ?' ಅಂತ ಕೇಳಿದ. ಇವನನ್ನು ಅವಳೇ ಕಳಿಸಿರಬೇಕು ಅಂತ ಮೊದಲು ಅನಿಸಿತು. ಹಾಗಂತ ನಾನು ಯಾವತ್ತಾದರೂ ಅಂದಿದ್ದೇನೆಯೇ ಅಂತ ತಿರುಗಿಸಿ ಕೇಳಿದೆ. 'ಇಲ್ಲ. ನೀವು ಏನೂ ಅಂದಿಲ್ಲ. ಅದಕ್ಕೇ ಕೇಳೋಕೆ ಬಂದೆ' ಅಂದ. ಅವನ ಮುಖದಲ್ಲಿ ಏನಾದರೂ ಸಿಕ್ಕೀತೇ ಅಂತ ಹುಡುಕಿದೆ ವಿಲ್ಫ್, ಏನೂ ಇರಲಿಲ್ಲ, ಅವನು ಕೇಳಿದ್ದು ಅಷ್ಟೇ. ಉತ್ತರ ಗಂಟಲಿನವರೆಗೆ ಬಂದಿತ್ತು. ಬಾಯಿ ತೆರೆದರೆ ಹೊರಗೆ ಬಂದದ್ದು, ಚಹಾ ಕುಡಿಯುವುದಾದರೆ ನೀರು ಇಡುತ್ತಿದ್ದೆ ಅನ್ನುವ ಮಾತು. ಬೇಡ ಅಂದು ಹೊರಟುಹೋದ. ಅವನ ಹಿತ್ತಿಲಲ್ಲಿ ಏನೂ ಇಲ್ಲ ಅಂತ ಈಗ ನನಗೆ ಗೊತ್ತು. ಹೋಗುತ್ತೇನೆ ಅಂದವನು ಹೋಗಿಯೇ ಹೋಗುತ್ತಾನೆ, ನನಗೆ ಭಯವಾಗುತ್ತಿದೆ.

ಎರಡು ಜೊತೆ ಕಾಲುಚೀಲ, ತಂಬಾಕು, ಒಣದ್ರಾಕ್ಷಿ ಬ್ರೆಡ್ಡು ಕಳಿಸಿದ್ದೇನೆ. ಬ್ರೆಡ್ಡು ಜೊತೆಯವರಿಗೂ ಕೊಡು, ಅವರು ಬೇಡ ಅಂದರೂ ಕೊಡು. ಗಾಳಿ ಎದ್ದಾಗ ಹೊರಗಿನ ಏಣಿ ಹತ್ತಬೇಡ. ದೇವರು ನಿನ್ನನ್ನು ಒಣಗಿದ ಬಟ್ಟೆಯಲ್ಲಿ ಮನೆಗೆ ತಂದು ಸೇರಿಸಲಿ.

ನಿನ್ನ
ಹೆಟ್ಟಿ

ತಾ.ಕ.: ನಿನ್ನಲ್ಲಿಗೆ ಬರುವ ದೋಣಿ ಹೊರಡುವ ಹೊತ್ತಾಯಿತಂತೆ, ಏವಿಸ್ ಕೋಟು ಹಾಕಿಕೊಂಡು ಕಾಯುತ್ತಿದ್ದಾಳೆ, ಇದನ್ನು ಬಂದರಿಗೆ ಒಯ್ಯುವವಳು ಅವಳೇ. ಅವಳು ಕೆನಡಾಕ್ಕೆ ಹೋಗುವುದು ನನಗೆ ಬೇಡ. ಬೇಡವೇ ಬೇಡ. ಹೋಗಲೇಬೇಕು ಅಂತ ಅವಳಿಗಿದ್ದರೆ ಹೋಗಲಿ, ಹುಡುಗ ಒಳ್ಳೆಯವನು, ಆದರೆ ಅಮ್ಮನಿಗೆ ಏನೂ ಅನಿಸಲಿಲ್ಲ ಅಂದುಕೊಂಡು ಹಡಗು ಹತ್ತಕೂಡದು. ಇದನ್ನು ಮುಖ ನೋಡಿ ಹೇಳಲು ನನ್ನ ಕೈಲಿ ಆಗುತ್ತಿಲ್ಲ. ಯಾರ ಕಾಗದವೇ ಆಗಲಿ, ಕೈಗೆ ಸಿಕ್ಕರೆ ಓದದೆ ಬಿಡುವವಳಲ್ಲ ಅವಳು, ನಿನಗೇ ಗೊತ್ತಲ್ಲ. ಲಕೋಟೆಗೆ ಅಂಟು ಹಚ್ಚಿಲ್ಲ.